ಶ್ರುತಿ ಹಿಡಿದವನ ಉಸಿರು

ಬೌದ್ಧ ಭಿಕ್ಷುಗಳಾದ ಪೂಜ್ಯ ಉಪಸಮ ಭಂತೇಜಿಯವರು ನಮ್ಮ ಕೋಡ್ಲಿಹಾಳದಲ್ಲಿ ಹದಿನಾಲ್ಕು ವರ್ಷ ವಾಸವಾಗಿದ್ದರು. ಊರ ಹೊರಗೆ, ನಿಂತುಹೋದ ಕಲ್ಲುಗಣಿಯ ಪಕ್ಕದಲ್ಲಿ, ಹಿಂದೆ ಚಪ್ಪಡಿಗಳಿಗೆ ನಯ ಕೊಡುತ್ತಿದ್ದ ತಗಡು ಹೊದಿಸಿದ ಒಂದು ಶೆಡ್ಡು ಇತ್ತು. ಚೇಳು, ಹಲ್ಲಿ ಬಿಟ್ಟರೆ ಅದರೊಳಗೆ ಯಾರೂ ಕಾಲಿಡುತ್ತಿರಲಿಲ್ಲ. ಪೂಜ್ಯರು ಅದನ್ನು ತಾವೇ ಗುಡಿಸಿದರು, ಗೋಡೆಗೆ ಸುಣ್ಣ ಬಳಿದರು, ಮೂಲೆಯಲ್ಲಿ ಬುದ್ಧ ಭಗವಾನರ ಗೇಣುದ್ದದ ಮೂರ್ತಿಯೊಂದನ್ನು ಇಟ್ಟುಕೊಂಡರು. ಹೊರಗಿನ ಬೇವಿನ ಮರದ ಕೆಳಗೆ ಉಳಿದುಹೋಗಿದ್ದ ನಾಲ್ಕು ಚಪ್ಪಡಿ ಹಾಸಿದರು. ಅವರ ವಿಹಾರವೆಂದರೆ ಇಷ್ಟೇ.

ಪೂಜ್ಯರು ಯಾವ ಪವಾಡ ಮಾಡಿದರು ಎಂದು ಈಗಿನವರು ನನ್ನನ್ನು ಕೇಳುತ್ತಾರೆ. ಒಂದೂ ಮಾಡಲಿಲ್ಲ. ಮಳೆ ತರಿಸಲಿಲ್ಲ, ಹಾವಿನ ವಿಷ ಇಳಿಸಲಿಲ್ಲ, ಸತ್ತವರನ್ನು ಎಬ್ಬಿಸಲಿಲ್ಲ. ಬಂದವರಿಗೆಲ್ಲ ಆನಾಪಾನಸತಿ ಒಂದನ್ನೇ ಹೇಳಿಕೊಡುತ್ತಿದ್ದರು. ಒಳಗೆ ಬರುವ ಉಸಿರನ್ನೂ ಹೊರಗೆ ಹೋಗುವ ಉಸಿರನ್ನೂ ಎಚ್ಚರದಿಂದ ಅರಿಯುವುದು, ಅಷ್ಟೇ. ಅದರಿಂದ ಏನಾಗುತ್ತದೆ ಎಂಬುದಕ್ಕೆ ನಾನು ಕಣ್ಣಾರೆ ಕಂಡ ಒಂದು ಪ್ರಸಂಗವಿದೆ, ಅದನ್ನೇ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಾನು ಆಗ ಊರಿನ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಅಂಬುಬಾಯಿ ಟೀಚರ್ ಎಂದರೆ ನನ್ನ ವಿದ್ಯೆಗಿಂತ ನನ್ನ ಬಾಯಿಗೇ ಊರು ಹೆದರುತ್ತಿತ್ತು. ಭಿಕ್ಷುಗಳು ಮಧ್ಯಾಹ್ನ ಹನ್ನೆರಡರ ಮೇಲೆ ಉಣ್ಣುವಂತಿಲ್ಲವಲ್ಲ, ಅದಕ್ಕೆ ರಜೆಯ ದಿನಗಳಲ್ಲಿ ಹನ್ನೊಂದರೊಳಗೆ ಪೂಜ್ಯರಿಗೆ ಬುತ್ತಿ ಒಯ್ಯುವ ಸೇವೆ ನನ್ನದಾಗಿತ್ತು. ಸೇವೆ ಎಂದೆನಲ್ಲ, ಸುಳ್ಳು. ನಮ್ಮ ಅಪ್ಪ ಮಾಡಿಕೊಂಡು ಬಂದಿದ್ದರು, ಅಪ್ಪ ಹೋದಮೇಲೆ ನನ್ನ ತಲೆಗೆ ಬಿತ್ತು. ಧ್ಯಾನದಲ್ಲಿ ನನಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. "ಮೂಗಿನ ತುದಿ ನೋಡಿಕೊಂಡು ಕೂತರೆ ಹೊಟ್ಟೆ ತುಂಬುತ್ತದೇನ್ರಿ ಭಂತೇಜಿ?" ಎಂದು ಒಮ್ಮೆ ಅವರ ಮುಖಕ್ಕೇ ಅಂದುಬಿಟ್ಟಿದ್ದೆ. ಪೂಜ್ಯರು ನಕ್ಕು, "ಇಲ್ಲಮ್ಮಾ. ಹೊಟ್ಟೆಗೆ ನಿನ್ನ ರೊಟ್ಟಿನೇ ಬೇಕು" ಎಂದರು. ಅಂಥವರ ಮೇಲೆ ಸಿಟ್ಟಾಗುವುದಾದರೂ ಹೇಗೆ!

ಒಂದು ಬೇಸಿಗೆ ರಜೆಯಲ್ಲಿ, ನಾನು ಬುತ್ತಿ ಬಿಚ್ಚುತ್ತಿದ್ದಾಗ ಹುಲಗಪ್ಪ ಭಜಂತ್ರಿ ಬಂದ. ವಯಸ್ಸು ಐವತ್ತರ ಮೇಲಿತ್ತು. ತಲೆಗೆ ಸುತ್ತಿದ ರುಮಾಲು ಜಾರಿ ಕಿವಿಯ ಮೇಲೆ ಬಿದ್ದಿತ್ತು, ಅದನ್ನು ಸರಿಮಾಡಿಕೊಳ್ಳುವ ಎಚ್ಚರವೂ ಇರಲಿಲ್ಲ.

ಅವನನ್ನು ನಮ್ಮ ಸೀಮೆಯಲ್ಲಿ ಒಬ್ಬಂಟಿಯಾಗಿ ಕಂಡವರೇ ಇರಲಿಲ್ಲ. ಅವನ ಅಣ್ಣ ದ್ಯಾಮಣ್ಣ ಶಹನಾಯಿ ನುಡಿಸುತ್ತಿದ್ದ. ದ್ಯಾಮಣ್ಣನ ಶಹನಾಯಿ ಇಲ್ಲದೆ ಸುತ್ತಿನ ಇಪ್ಪತ್ತು ಊರುಗಳಲ್ಲಿ ಅಕ್ಷತೆ ಬೀಳುತ್ತಿರಲಿಲ್ಲ. ಹುಲಗಪ್ಪ ಅಣ್ಣನ ಎಡಕ್ಕೆ ಕೂತು ಶ್ರುತಿ ಹಿಡಿಯುತ್ತಿದ್ದ. ಶ್ರುತಿಯ ಕೊಳವೆ ನೋಡಲು ಶಹನಾಯಿಯಂತೆಯೇ ಇರುತ್ತದೆ, ಆದರೆ ಅದರ ತೂತುಗಳನ್ನೆಲ್ಲ ಮೇಣದಿಂದ ಮುಚ್ಚಿರುತ್ತಾರೆ. ಅದರಿಂದ ಹೊರಡುವುದು ಒಂದೇ ಸ್ವರ. ಅಣ್ಣ ಎಷ್ಟು ಹೊತ್ತು ನುಡಿಸುತ್ತಾನೋ ಅಷ್ಟು ಹೊತ್ತೂ ತಮ್ಮ ಆ ಒಂದೇ ಸ್ವರವನ್ನು ಎಲ್ಲಿಯೂ ಕಡಿಯದಂತೆ ಊದುತ್ತಲೇ ಇರಬೇಕು. ನಲವತ್ತೆರಡು ವರ್ಷ ಅವನು ಮಾಡಿದ್ದು ಅದನ್ನೇ. ದ್ಯಾಮಣ್ಣ ತೀರಿಕೊಂಡು ಆಗ ಏಳು ತಿಂಗಳಾಗಿತ್ತು.

"ಬುದ್ದೀ, ನೀವು ಉಸಿರಿನ ವಿದ್ಯೆ ಕಲಿಸ್ತೀರಂತ" ಎಂದ ಹುಲಗಪ್ಪ, ಕೈಮುಗಿದು ನಿಂತುಕೊಂಡೇ. "ನನ್ನ ಉಸಿರು ತುಂಡಾಗ್ಲಾಕತ್ತದ. ಕೂಡಿಸಿ ಕೊಡ್ರಿ. ಮತ್ತೇನೂ ಬ್ಯಾಡ ನನಗ."

ಸಂಗತಿ ಹೀಗಿತ್ತು. ದ್ಯಾಮಣ್ಣನಿಗೆ ಇದ್ದವಳು ಒಬ್ಬಳೇ ಮಗಳು, ಚಂದ್ರವ್ವ. ಅವಳ ಮದುವೆ ಗೊತ್ತಾಗಿತ್ತು, ಇಪ್ಪತ್ತೆರಡು ದಿನ ಉಳಿದಿತ್ತು. ಸಾಯುವ ಮುಂಚೆ ದ್ಯಾಮಣ್ಣ ತಮ್ಮನ ಕೈಹಿಡಿದು, "ಚಂದ್ರಿ ಲಗ್ನದಾಗ ಶಹನಾಯಿ ಯಾರರ ನುಡಿಸ್ಲಿ, ಶ್ರುತಿ ಮಾತ್ರ ನೀನೇ ಹಿಡೀಬೇಕು" ಎಂದು ಮಾತು ತೆಗೆದುಕೊಂಡಿದ್ದ. ಹೊಳೆಯಾಚೆಯ ಹುಸೇನಸಾಬರು ಶಹನಾಯಿಗೆ ಒಪ್ಪಿದ್ದರು. ಆದರೆ ಹುಲಗಪ್ಪ ಕೊಳವೆ ಬಾಯಿಗಿಟ್ಟರೆ ಸ್ವಲ್ಪ ಹೊತ್ತಿಗೆಲ್ಲ ಎದೆಯಲ್ಲಿ ಏನೋ ಸಿಕ್ಕಿಕೊಂಡಂತಾಗಿ ಉಸಿರು ಕಡಿದುಹೋಗುತ್ತಿತ್ತು. ದೊಡ್ಡ ಆಸ್ಪತ್ರೆಗೂ ಹೋಗಿಬಂದಿದ್ದ. ಎದೆಯಲ್ಲಿ ಯಾವ ದೋಷವೂ ಇಲ್ಲವೆಂದು ಹೇಳಿ ಕಳಿಸಿದ್ದರು.

"ಸಾರಂಗ ರಾಗ ನುಡಿಸ್ತಿದ್ದ ನಮ್ಮಣ್ಣ, ಮಧ್ಯಾಹ್ನದ ಅಕ್ಷತಿಗೆ" ಎಂದ. "ಮ್ಯಾಲ ಮ್ಯಾಲ ಹೋಗಿ ಮ್ಯಾಲಿನ ಸಾ ಮುಟ್ಟಿ ನಿಂದರ್ತಿದ್ದ. ಅಲ್ಲಿ ಅವನ ಸ್ವರ, ನನ್ನ ಸ್ವರ ಕೂಡಿ ಒಂದೇ ಆಗ್ತಿತ್ತು. ಯಾವುದು ಅಣ್ಣಂದು, ಯಾವುದು ನಂದು ನನಗೇ ತಿಳೀತಿರಲಿಲ್ಲ. ಈಗ ಒಬ್ಬನೇ ಊದಿದ್ರೂ ಕಿವಿ ಆ ಜಾಗಾನೇ ಕಾಯ್ತದ್ರಿ. ಇನ್ನೇನು ಬಂದ, ಇನ್ನೇನು ಬಂದ ಅಂತ. ಬರೂದಿಲ್ಲ. ಅಲ್ಲೇ ಉಸಿರು ಕಡೀತದ."

ಪೂಜ್ಯರು ಕಣ್ಣು ಮುಚ್ಚದೆ, ತಲೆ ಅಲ್ಲಾಡಿಸದೆ, ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಉಸಿರು ಉದ್ದ ಮಾಡೋದು, ಕಟ್ಟಿ ಹಿಡಿಯೋದು ನನಗ ಬರೂದಿಲ್ಲಪ್ಪ. ಬಂದಾಗ ಬಂತು ಅಂತ, ಹೋದಾಗ ಹೋತು ಅಂತ ತಿಳಿಯೋದು ಅಷ್ಟೇ ಬರ್ತದ. ಬೇಕಾದ್ರ ಕೂಡು."

ಹುಲಗಪ್ಪನ ಮುಖ ಇಳಿಯಿತು. "ಹುಟ್ಟಿದಾಗಿಂದ ಬರೋದು ಹೋಗೋದು ನಡದೇ ಅದಲ್ರೀ. ಅದಕ್ಯಾಕ ಕಲೀಬೇಕು?" ಎಂದ. ನಾನು ಮನಸ್ಸಿನಲ್ಲೇ ಭೇಷ್ ಎಂದೆ. ಅವನು ಹೊರಟು ಕಲ್ಲುಗಣಿಯ ಅಂಚಿನವರೆಗೆ ಹೋದ, ಆಮೇಲೆ ತಿರುಗಿ ಬಂದು ಬೇವಿನ ಕೆಳಗಿನ ಚಪ್ಪಡಿಯ ಮೇಲೆ ಕೂತ. ಪಾಪ, ಹೋಗಲು ಬೇರೆ ಬಾಗಿಲು ಯಾವುದಿತ್ತು ಅವನಿಗೆ?

ಪೂಜ್ಯರು ಹೇಳಿಕೊಟ್ಟದ್ದು ಬಹಳ ಸರಳವಾಗಿತ್ತು. ಬೆನ್ನು ನೆಟ್ಟಗಿರಲಿ, ಆದರೆ ಬಿಗಿ ಬೇಡ. ಮೂಗಿನ ಹೊಳ್ಳೆಯ ಅಂಚಿನಲ್ಲಿ ಗಾಳಿ ತಾಗುವ ಜಾಗದಲ್ಲಿ ಮನಸ್ಸಿಡು. ಉದ್ದ ಉಸಿರು ಬಂದರೆ ಉದ್ದ ಬಂತು ಎಂದು ತಿಳಿ, ಗಿಡ್ಡ ಬಂದರೆ ಗಿಡ್ಡ ಬಂತು ಎಂದು ತಿಳಿ, ತಿದ್ದಲು ಹೋಗಬೇಡ. ಮನಸ್ಸು ಎಲ್ಲಿಗಾದರೂ ಓಡಿಹೋದರೆ ಬೈಯಬೇಡ, ಕರೆದುಕೊಂಡು ಬಾ. ಅಷ್ಟು ಹೇಳಿ ತಾವು ಪೊರಕೆ ಹಿಡಿದು ಅಂಗಳ ಗುಡಿಸಲು ಹೋದರು.

ಹುಲಗಪ್ಪ ದಿನಾ ಬಂದ. ಮೂರನೆಯ ದಿನಕ್ಕೇ ನಾನು ಬೆರಗಾದೆ. ನಮ್ಮೂರ ಬೇರೆ ಜನ ಧ್ಯಾನಕ್ಕೆ ಕೂತರೆ ಹತ್ತು ನಿಮಿಷಕ್ಕೆ ಕಾಲು ಜೋಮು, ಹದಿನೈದಕ್ಕೆ ಗೊರಕೆ. ಇವನು ಒಂದು ತಾಸು, ಒಂದೂವರೆ ತಾಸು, ಕಡೆದ ಕಲ್ಲಿನಂತೆ ಕೂತಿರುತ್ತಿದ್ದ. ಎದೆ ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಹತ್ತಿರ ಹೋಗಿ ಬಗ್ಗಿ ನೋಡಿದರೂ ಉಸಿರಿನ ಸದ್ದಿಲ್ಲ. ಅಯ್ಯೋ ದೇವರೇ, ಇವನಿಗೆ ಸಮಾಧಿಯೇ ಸಿದ್ಧಿಸಿಬಿಟ್ಟಿದೆ ಎಂದುಕೊಂಡೆ. ನನ್ನ ಬಾಯಿ ಸುಮ್ಮನಿರುತ್ತದೆಯೇ? ಬಾವಿಕಟ್ಟೆಯಲ್ಲಿ ಹೇಳಿದೆ, ಹಿಟ್ಟಿನ ಗಿರಣಿಯಲ್ಲಿ ಹೇಳಿದೆ, ಅಂಚೆ ತರುವವನಿಗೂ ಹೇಳಿದೆ. ಉಸಿರಿಲ್ಲದೆ ಕೂರುವ ಭಜಂತ್ರಿಯನ್ನು ನೋಡಲು ಎಂಟನೆಯ ದಿನಕ್ಕೆ ಜನ ಬರತೊಡಗಿದರು. ಒಬ್ಬಾಕೆ ಕೂಸನ್ನು ತಂದು ಅವನ ಕಾಲಿಗೆ ಹಾಕಿದಳು. ಧ್ಯಾನದಲ್ಲಿ ನಂಬಿಕೆಯಿಲ್ಲದ ನಾನೇ ಇಷ್ಟೆಲ್ಲ ಪ್ರಚಾರ ಮಾಡಿದ್ದೆ, ನೋಡಿ ನನ್ನ ಬುದ್ಧಿ!

ಆದರೆ ಹುಲಗಪ್ಪನ ಮುಖ ದಿನದಿಂದ ದಿನಕ್ಕೆ ಬಾಡುತ್ತಿತ್ತು. ಮನೆಯಲ್ಲಿ ಕೊಳವೆ ಹಿಡಿದರೆ ಹಾಗೆಯೇ ಉಸಿರು ಕಡಿಯುತ್ತಿತ್ತಂತೆ. ಮೊದಲಿಗಿಂತ ಬೇಗ ಕಡಿಯುತ್ತಿತ್ತಂತೆ.

ಹತ್ತನೆಯ ದಿನ ಪೂಜ್ಯರು ಬಂದ ಜನರನ್ನೆಲ್ಲ ಮೆಲ್ಲನೆ ಕಳಿಸಿದರು. ನನ್ನನ್ನು ಕಳಿಸಲಿಲ್ಲ, ಬುತ್ತಿಯ ಪಾತ್ರೆ ಇನ್ನೂ ಖಾಲಿಯಾಗಿರಲಿಲ್ಲ. ಹುಲಗಪ್ಪನ ಎದುರಿಗೆ ಬಂದು, ನೋಯುವ ಮೊಣಕಾಲನ್ನು ಕೈಯಿಂದ ಮಡಿಸಿಕೊಂಡು ಕೂತರು.

"ಹುಲಗಪ್ಪಾ, ಹತ್ತು ದಿನ ಆತು, ನೋಡ್ತಾ ಇದ್ದೀನಿ" ಎಂದರು. "ನೀ ಉಸಿರು ತಗೊಂಡದ್ದು ನಾ ಒಮ್ಮೆನೂ ಕಂಡಿಲ್ಲ. ಯಾರು ಕೇಳ್ಯಾರು ಅಂತ ಬಚ್ಚಿಡ್ತಿ?"

ಹುಲಗಪ್ಪ ಕಣ್ಣು ಬಿಟ್ಟ. ಕಳ್ಳತನದಲ್ಲಿ ಸಿಕ್ಕಿಬಿದ್ದವನ ಹಾಗೆ ಮುಖ ಕೆಂಪಾಯಿತು. ಆಗ ತಿಳಿಯಿತು ನನಗೆ, ಸಮಾಧಿಯೂ ಇಲ್ಲ, ಏನೂ ಇಲ್ಲ. ಅದು ಅವನ ಕಸುಬಿನ ರೂಢಿ. ಶ್ರುತಿ ಹಿಡಿಯುವವರು ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು ಅದನ್ನು ಕೊಳವೆಗೆ ಒತ್ತುತ್ತ, ಅದೇ ಹೊತ್ತಿಗೆ ಮೂಗಿನಿಂದ ಕಳ್ಳತನದಲ್ಲಿ ಒಂದು ಎಳೆ ಉಸಿರು ಎಳೆದುಕೊಳ್ಳುತ್ತಾರೆ. ಸ್ವರ ಕಡಿಯಬಾರದು, ಉಸಿರು ತೆಗೆದುಕೊಂಡದ್ದು ಪಕ್ಕದವರಿಗೂ ಗೊತ್ತಾಗಬಾರದು. ಧ್ಯಾನಕ್ಕೆ ಕೂತಾಗಲೂ ಇವನು ಮಾಡಿದ್ದು ಅದನ್ನೇ. ಉಸಿರನ್ನು ನೋಡು ಎಂದರೆ ಉಸಿರನ್ನು ಅಡಗಿಸಿ ಕೂತಿದ್ದ.

"ಎಂಟು ವರ್ಷದವ ಇದ್ದೆ ನಾ" ಎಂದ ಹುಲಗಪ್ಪ, ನೆಲ ನೋಡುತ್ತ. "ಅಣ್ಣ ನನ್ನ ಮುಂದ ನೀರಿನ ಗಡಿಗಿ ಇಟ್ಟು ಅದರಾಗ ಜೋಳದ ದಂಟಿನ ಕೊಳವಿ ಬಿಟ್ಟು ಊದು ಅಂತಿದ್ದ. ಗುಳ್ಳಿ ನಿಲ್ಲಬಾರದು. ನಿಂತ್ರ ತಲಿಮ್ಯಾಲ ಒಂದು ಮೊಟಕತಿದ್ದ. ಆಮ್ಯಾಲ ತಾನೇ ಬೆಲ್ಲ ಕೊಡ್ತಿದ್ದ. ನೀ ಉಸಿರು ತಗೊಂಡದ್ದು ಕೇಳಿಸ್ತಂದ್ರ ನನ್ನ ಹಾಡು ಹರೀತದ ತಮ್ಮಾ ಅಂತಿದ್ದ. ಅವತ್ತಿಂದ ನಾ ಎಂದೂ ಕೇಳಿಸಿಲ್ಲರಿ."

"ಇಲ್ಲಿ ಹಾಡಿಲ್ಲ" ಎಂದರು ಪೂಜ್ಯರು. "ತಗೋ. ನಮಗ ಕೇಳಿಸ್ಲಿ."

ಅಷ್ಟು ಸುಲಭವೆಂದು ತಿಳಿಯಬೇಡಿ. ಹುಲಗಪ್ಪ ಬಾಯಿ ತೆರೆದ, ಮುಚ್ಚಿದ. ಗಲ್ಲ ತಾವಾಗಿಯೇ ಉಬ್ಬಿದವು. ಪೂಜ್ಯರು ಬೆರಳಿನಿಂದ ಅವನ ಗಲ್ಲವನ್ನು ಮೆಲ್ಲನೆ ಮುಟ್ಟಿದರು, ಮಗುವಿನ ಗಲ್ಲ ಮುಟ್ಟಿದ ಹಾಗೆ. ಗಾಳಿ ಪುಸ್ಸೆಂದು ಹೊರಟುಹೋಯಿತು. ಆಮೇಲೆ ಅವನ ಮೈಯೇ ಒಂದು ಉಸಿರನ್ನು ಎಳೆದುಕೊಂಡಿತು. ಹೆಗಲು ಮೇಲೆದ್ದವು, ಎದೆ ಅಗಲವಾಯಿತು. ಮೂರು ಮಾರು ದೂರದಲ್ಲಿ ಕೂತಿದ್ದ ನನಗೆ ಆ ಸದ್ದು ಕೇಳಿಸಿತು. ಆ ಉಸಿರು ಹೊರಗೆ ಬರುವಾಗ ಅಳುವಾಗಿ ಬಂತು.

"ಅಣ್ಣ ಬೇಕ್ರಿ ನನಗ!" ಎಂದು ಕೂಗಿಕೊಂಡ. "ಲಗ್ನ ಬ್ಯಾಡ, ಶ್ರುತಿ ಬ್ಯಾಡ, ಏನೂ ಬ್ಯಾಡ. ಒಂದ್ಸಲ ನನ್ನ ಬಲಕ್ಕ ಕುಂತು ಆ ಸಾ ಮುಟ್ಟಿ ಹೋಗ್ಲಿ. ಒಂದೇ ಸಲ!"

ಏಳು ತಿಂಗಳಿಂದ ಅವನು ಅತ್ತಿರಲಿಲ್ಲವಂತೆ. ಹೆಣದ ಮುಂದೆಯೂ ಅತ್ತಿರಲಿಲ್ಲ, ಅಣ್ಣನ ಕೊನೆಯ ಯಾತ್ರೆಗೆ ಶ್ರುತಿ ಹಿಡಿದವನೂ ಅವನೇ. ಬಾಯಲ್ಲಿ ಕೊಳವೆ ಇದ್ದವನು ಅಳುವುದು ಹೇಗೆ? ಸೆರಗು ಬಾಯಿಗಿಟ್ಟುಕೊಂಡು ನಾನೂ ಅತ್ತೆ. ಪೂಜ್ಯರು ಅವನ ಬಿಕ್ಕು ಒಂದು ಹದಕ್ಕೆ ಬರುವ ತನಕ ಕಾದರು.

"ಬೇಕು ಅನ್ನೋದು ಬಂತು" ಎಂದರು ಆಮೇಲೆ. "ಬಂತು ಅಂತ ತಿಳಿ. ಓಡಿಸಬ್ಯಾಡ, ಕಟ್ಟಿಹಾಕಬ್ಯಾಡ. ಅದರ ಹಿಂದ ಇನ್ನೊಂದು ಉಸಿರು ಬರ್ತದ. ಅದನ್ನೂ ತಿಳಿ."

ಅಲ್ಲಿಂದ ಮುಂದೆ ಹುಲಗಪ್ಪ ಕೂತ ರೀತಿಯೇ ಬೇರೆಯಾಯಿತು. ಜನ ನೋಡಲು ಬರುವುದು ನಿಂತಿತು, ಏಕೆಂದರೆ ನೋಡುವಂಥದ್ದು ಏನೂ ಉಳಿದಿರಲಿಲ್ಲ. ಎಲ್ಲರ ಹಾಗೆ ಅವನ ಎದೆ ಏರಿತು, ಇಳಿಯಿತು. ಕೆಲವೊಮ್ಮೆ ಮಧ್ಯದಲ್ಲಿ ಕಣ್ಣೀರು ಸುರಿಯುತ್ತಿತ್ತು, ಅವನು ಒರೆಸಿಕೊಳ್ಳುತ್ತಿರಲಿಲ್ಲ. ಕೆಲವು ದಿನ ಉಸಿರು ಒರಟಾಗಿ, ಗಿಡ್ಡವಾಗಿ ಶುರುವಾಗಿ, ತಾಸು ಕಳೆಯುವ ಹೊತ್ತಿಗೆ ತಾನೇ ತೆಳುವಾಗುತ್ತಿತ್ತು. ಅವನು ತೆಳುವಾಗಿಸಿದ್ದಲ್ಲ, ಆಗಿದ್ದು. ಒಂದು ದಿನ ಎದ್ದು ಬಂದು, "ಟೀಚರ, ಇವತ್ತು ರೊಟ್ಟಿ ಒಂದು ಹೆಚ್ಚಿದ್ರ ಕೊಡ್ರಿ" ಎಂದು ಕೇಳಿದ. ಅಣ್ಣ ಹೋದಮೇಲೆ ಅವನು ಹಸಿವು ಎಂದದ್ದು ಅದೇ ಮೊದಲಂತೆ.

ಮದುವೆಯ ಹಿಂದಿನ ದಿನ ಬಂದು ಪೂಜ್ಯರಿಗೆ ಮೂರು ಸಲ ಬಗ್ಗಿ ನಮಸ್ಕರಿಸಿದ. "ನಾಳೆ ಶ್ರುತಿ ಮುರಿಯೂದಿಲ್ಲ ಅಂತ ಒಂದು ಮಾತು ಹೇಳ್ರಿ ಬುದ್ದೀ. ಅಣ್ಣನಿಗೆ ಕೊಟ್ಟ ಮಾತದ."

"ಮುರಿದ್ರೂ ಮುರೀಬಹುದು" ಎಂದರು ಪೂಜ್ಯರು.

ನನಗೆ ಮೈಯುರಿದುಹೋಯಿತು. ಒಳ್ಳೆಯದಾಗಲಿ ಎಂದು ಹರಸಲು ಇವರ ಗಂಟೇನು ಹೋಗುತ್ತಿತ್ತು? ಹುಲಗಪ್ಪ ಹೋದಮೇಲೆ ಪೂಜ್ಯರೆದುರು ಅದನ್ನು ಅಂದೂ ಅಂದೆ. ಅವರು, "ಗೊತ್ತಿಲ್ಲದ್ದನ್ನ ಹ್ಯಾಂಗ ಹೇಳಲಮ್ಮಾ?" ಎಂದು ಪಾತ್ರೆ ತೊಳೆಯಲು ಎದ್ದರು.

ಮದುವೆಗೆ ನಾನು ಹೋಗಿದ್ದೆ. ಭಜಂತ್ರಿಯವರ ಓಣಿಯಲ್ಲಿ ಹಂದರ ಹಾಕಿದ್ದರು. ಹನ್ನೆರಡೂ ಕಾಲಿಗೆ ಅಕ್ಷತೆ. ಹುಸೇನಸಾಬರು ಕಟ್ಟೆಯ ಮೇಲೆ ಕೂತಿದ್ದರು, ಅವರ ಎಡಕ್ಕೆ ಹುಲಗಪ್ಪ. ಹುಲಗಪ್ಪ ಶ್ರುತಿ ಹಿಡಿದ. ತುಂಬಿದ, ನೆಟ್ಟನೆಯ ಸ್ವರ. ನನ್ನ ಎದೆ ಹಗುರಾಯಿತು. ಹುಸೇನಸಾಬರು ಬೇರೆ ಏನೇನೋ ನುಡಿಸಿ ಕೊನೆಗೆ, ಮದುಮಕ್ಕಳ ನಡುವೆ ಅಂತರಪಟ ಹಿಡಿದ ಹೊತ್ತಿಗೆ, ಸಾರಂಗಕ್ಕೆ ಬಂದರು. ದ್ಯಾಮಣ್ಣನ ಮನೆಯ ಮದುವೆ, ಅವನ ರಾಗವನ್ನೇ ನುಡಿಸಬೇಕು ಎಂದು ಅವರಿಗೆ ಅನ್ನಿಸಿರಬೇಕು. ಒಂದೊಂದೇ ಮೆಟ್ಟಿಲು ಏರಿ ಮೇಲಿನ ಸಾ ಮುಟ್ಟಿ ನಿಂತರು.

ಅಲ್ಲಿ ಹುಲಗಪ್ಪನ ಉಸಿರು ಸಿಕ್ಕಿಕೊಂಡಿತು. ಅವನ ಗಲ್ಲ ಇನ್ನೂ ತುಂಬಿತ್ತು. ಗಲ್ಲದ ಗಾಳಿಯಲ್ಲೇ ಒತ್ತಿ ಹೇಗಾದರೂ ದಾಟಿಸಬಹುದಿತ್ತೇನೋ. ಅವನು ಹಾಗೆ ಮಾಡಲಿಲ್ಲ. ಕೊಳವೆಯನ್ನು ತುಟಿಯಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ. ಶ್ರುತಿ ನಿಂತಿತು.

ಹಂದರದಲ್ಲಿ ಗುಜುಗುಜು ಎದ್ದಿತು. "ಏ, ಶ್ರುತಿ ನಿಂತ್ತಲ್ಲೋ! ಅಕ್ಷತಿ ಹೊತ್ತಿನ್ಯಾಗ ಇದೇನಿದು ಅಪಶಕುನ!" ಎಂದು ಗಂಡಿನ ಕಡೆಯ ಹಿರಿಯರೊಬ್ಬರು ಗದರಿದರು. ಹುಲಗಪ್ಪ ಕಣ್ಣು ಮುಚ್ಚಿದ್ದ. ಎಲ್ಲರೆದುರಿಗೆ, ಎಲ್ಲರಿಗೂ ಕೇಳಿಸುವಂತೆ, ಒಂದು ಉಸಿರು ಎಳೆದುಕೊಂಡ. ಹೆಗಲು ಏರಿದವು. ಅವಸರವಿಲ್ಲದೆ ಅದನ್ನು ಬಿಟ್ಟ. ಅಷ್ಟು ಹೊತ್ತೂ ಹುಸೇನಸಾಬರ ಆ ಒಂದು ಸ್ವರ ಆಸರೆಯಿಲ್ಲದೆ ಒಂಟಿಯಾಗಿ ನಿಂತಿತ್ತು. ಅವರೂ ಅದನ್ನು ಬಿಟ್ಟುಕೊಡಲಿಲ್ಲ.

ಆಗ ಅಂತರಪಟದ ಹಿಂದಿನಿಂದ ಚಂದ್ರವ್ವನ ದನಿ ಬಂತು. ಮದುಮಗಳು ಬಾಯಿ ತೆರೆಯಬಾರದ ಹೊತ್ತು ಅದು. "ನಮ್ಮ ಕಾಕಾ ಉಸಿರು ತಗೋಳಾಕತ್ತಾನ. ತಗೋಲಿ ಬಿಡ್ರಿ" ಎಂದಳು. "ಬರೋತನ ನಿಂದರ್ತೀವಿ ನಾವು."

ಹುಲಗಪ್ಪ ಮತ್ತೊಂದು ಉಸಿರು ತೆಗೆದುಕೊಂಡು ಕೊಳವೆ ಬಾಯಿಗಿಟ್ಟ. ಶ್ರುತಿ ಬಂದು ಆ ಸ್ವರದ ಕೆಳಗೆ ಸೇರಿಕೊಂಡಿತು. ಅಂತರಪಟ ಸರಿಯಿತು, ಅಕ್ಷತೆ ಬಿತ್ತು. ಅಪಶಕುನವೆಂದ ಹಿರಿಯರೇ ಎಲ್ಲರಿಗಿಂತ ಮುಂದೆ ನಿಂತು ಅಕ್ಕಿ ಎರಚುತ್ತಿದ್ದರು.

ಸಂಜೆ ಐದರ ಹೊತ್ತಿಗೆ ಹುಲಗಪ್ಪ ವಿಹಾರಕ್ಕೆ ಬಂದ. ಬೆಳಿಗ್ಗೆ ಕೊಟ್ಟುಹೋಗಿದ್ದ ಬುತ್ತಿಯ ಪಾತ್ರೆ ಒಯ್ಯಲು ಬಂದ ನಾನೂ ಅಲ್ಲೇ ಇದ್ದೆ. ಪೂಜ್ಯರು ಬೇವಿನ ಮರದ ಕೆಳಗೆ ಕೂತಿದ್ದರು.

"ಮುರೀತು ಬುದ್ದೀ" ಎಂದ.

"ಮುರಿದಾಗ ಗೊತ್ತಾತೇನು?"

"ಗೊತ್ತಾತ್ರಿ. ಅಣ್ಣ ಬೇಕು ಅನ್ನೋದು ಬಂತು. ಹೋತು. ಆಮ್ಯಾಲ ಉಸಿರು ಬಂತು."

ಪೂಜ್ಯರು ತಲೆಯಾಡಿಸಿದರು. ನನಗೆ ಬಾಯಿ ತಡೆಯಲಿಲ್ಲ. "ಹಂಗಾರ ಇನ್ನ ಮ್ಯಾಲ ಅಣ್ಣನ ನೆನಪು ಕಾಡೂದಿಲ್ಲೇನು ಹುಲಗಪ್ಪಾ?" ಎಂದು ಕೇಳಿಯೇಬಿಟ್ಟೆ.

ಅವನು ನನ್ನ ಕಡೆ ತಿರುಗಿದ. "ಇಲ್ಲ ಅಂತ ಯಾರಂದ್ರು ಟೀಚರ? ದಿನಾ ಬರ್ತಾನ. ಬಂದಾಗ ಅಷ್ಟೇ ಉರೀತದ. ಮೊದಲ, ಬಂದಂವನ್ನ ಹೋಗ್ಲಿಕ್ಕ ಬಿಡ್ತಿರಲಿಲ್ಲ ನಾ. ಉಸಿರು ಬಿಟ್ರ ಅಣ್ಣನೂ ಹೋಗ್ಬಿಡ್ತಾನ ಅಂತ ಬಿಗಿಹಿಡಕೊಂಡು ಕುಂದರ್ತಿದ್ದೆ. ಈಗ ಬಿಡ್ತೀನ್ರಿ. ಮತ್ತ ಬರ್ತಾನ ಅಂತ ಗೊತ್ತಾಗ್ಯದ."

ಅಷ್ಟು ಹೇಳಿ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು, ಅವನು ದಿನದಂತೆ ಚಪ್ಪಡಿಯ ಮೇಲೆ ಕೂತು ಕಣ್ಣು ಮುಚ್ಚಿದ. ಅವನ ಉಸಿರು ಬರುವುದು, ಹೋಗುವುದು ನನಗೆ ಕೇಳಿಸುತ್ತಿತ್ತು. ನಾನು ಮನೆಗೆ ಹೋಗಲೆಂದು ಎದ್ದಿದ್ದೆ, ಹೋಗಲಾಗಲಿಲ್ಲ. ಎಂಟು ವರ್ಷ ಬುತ್ತಿ ಹೊತ್ತು ತಂದವಳು ಆ ಚಪ್ಪಡಿಯ ಮೇಲೆ ಒಂದು ದಿನವೂ ಕೂತಿರಲಿಲ್ಲ. ಪೂಜ್ಯರು ಸ್ವಲ್ಪ ಸರಿದು ಜಾಗ ಕೊಟ್ಟರು.